ಪುಟ್ಟಸಿದ್ದಮ್ಮ ಕೂಸುಗಳನ್ನು ಎಣಿಸಿದ್ದು

ನಮ್ಮ ಆಸ್ಪತ್ರೆಯ ಕೂಸಿನ ಕೋಣೆಗೆ ಬೀಗ ಬೀಳುವ ಹಾಗೆ ಮಾಡಿದವಳು ಪುಟ್ಟಸಿದ್ದಮ್ಮ. ಬೀಗ ಬೀಳದ ಹಾಗೆ ನೋಡಿಕೊಂಡವಳೂ ಅವಳೇ. ಮೊದಲನೆಯದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ನರ್ಸು, ಹೆಸರು ವನಿತಾ. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಕಚೇರಿಯವರು ಆಡಿಕೊಳ್ಳುತ್ತಾರೆ. ಡ್ರಿಪ್ ಹಾಕಿದ ಕೈಯನ್ನೇ ಬೀಸಿ ಬೀಸಿ ಮಾತಾಡುವ ರೋಗಿಗಳ ನಡುವೆ ಅವರೂ ಒಂದು ದಿನ ಇದ್ದು ನೋಡಲಿ. ಗಂಡ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಾನೆ, ಅತ್ತೆ ಕೂಲಿಗೆ ಹೋಗುತ್ತಾರೆ. ಮಗಳು ಬೃಂದಾ ಇನ್ನೂ ತೊದಲು ಮಾತಿನವಳು. ಕೆಲಸದವರ ಮಕ್ಕಳಿಗೆಂದು ಆಸ್ಪತ್ರೆಯೇ ನಡೆಸುವ ಆ ಕೋಣೆ ಇಲ್ಲದಿದ್ದರೆ ನನ್ನ ಕೆಲಸವೂ ಇಲ್ಲ.

ಆ ಕೋಣೆಯ ಆಯಾ ಪುಟ್ಟಸಿದ್ದಮ್ಮ, ಹರವೆ ಕಡೆಯವಳು. ಅವಳ ಲಾಲಿಗೆ ಮಕ್ಕಳಿರಲಿ, ಪಕ್ಕದ ವಾರ್ಡಿನ ರೋಗಿಗಳೂ ನಿದ್ದೆ ಹೋಗುತ್ತಿದ್ದರು. ಮಾತ್ರೆ ಕೊಡಲು ಅವರನ್ನು ಎಬ್ಬಿಸುವುದೇ ನನಗೊಂದು ಕೆಲಸ. ಆದರೆ ದೃಷ್ಟಿಯ ವಿಷಯದಲ್ಲಿ ಅವಳು ಜಗಮೊಂಡಿ. ಹೊರಗಿನವರ ಎದುರು ಮಕ್ಕಳಿಗೆ ಉಣ್ಣಿಸುವುದಿಲ್ಲ. ಎಲ್ಲರ ಕೆನ್ನೆಗೂ ಕಾಡಿಗೆ ಬೊಟ್ಟು, ಪ್ಲಾಸ್ಟಿಕ್ ಗೊಂಬೆಗೂ. ಎಷ್ಟು ಮಕ್ಕಳಿವೆ ಎಂದು ಯಾರಾದರೂ ಕೇಳಿದರೆ "ಅವೆ ಬುಡಿ" ಎನ್ನುತ್ತಿದ್ದಳು, ಇವೆ ಎಂದಷ್ಟೇ, ಎಷ್ಟು ಎಂದಲ್ಲ. ನಿನಗೆಷ್ಟು ಮಕ್ಕಳು ಎಂದು ನಾನೇ ಒಮ್ಮೆ ಕೇಳಿದ್ದಕ್ಕೂ ಅದೇ ಉತ್ತರ.

ಮೈಸೂರಿನ ಮುಖ್ಯ ಕಚೇರಿಯಿಂದ ಚಂದ್ರಕುಮಾರ್ ಎಂಬ ಮ್ಯಾನೇಜರು ಬಂದಾಗ ಶುರುವಾಯಿತು ಗ್ರಹಚಾರ. ಕೋಣೆಯ ಮಕ್ಕಳನ್ನು ಅವರು ಎಣಿಸುತ್ತಾರಂತೆ ಎಂಬ ಸುದ್ದಿ ಪುಟ್ಟಸಿದ್ದಮ್ಮನ ಕಿವಿಗೆ ಬಿತ್ತು. ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಹಿಂದಿನ ಮೆಟ್ಟಿಲಿನಿಂದ ಮಕ್ಕಳನ್ನೆಲ್ಲ ಇಳಿಸಿ, ಡಾಕ್ಟರಿಗಾಗಿ ಬೆಂಚಿನಲ್ಲಿ ಕಾಯುತ್ತಿದ್ದವರ ಮಡಿಲಿಗೆ ಒಂದೊಂದು ಹಂಚಿಬಿಟ್ಟಳು.

"ಒಸಿ ಇಡ್ಕೊಳಣ್ಣ, ಈಗ್ ಬಂದ್ಬುಟ್ಟೆ."

ಮಂಡಿನೋವಿಗೆ ಬಂದಿದ್ದ ಅಜ್ಜನೊಬ್ಬನ ಪಾಲಿಗೆ ನನ್ನ ಬೃಂದಾ ಸಿಕ್ಕಿದಳು. ಅಷ್ಟರಲ್ಲಿ ಅವನ ಸರದಿ ಬಂತು, ಮಗುವನ್ನು ಎತ್ತಿಕೊಂಡೇ ಒಳಗೆ ಹೋದ. ಡಾಕ್ಟರು ಹೊಸಬರು. ಮಗುವನ್ನು ತೋರಿಸಲು ಬಂದಿದ್ದಾನೆಂದು ತಿಳಿದು ಹೊಟ್ಟೆ ಒತ್ತಿ ನೋಡಿ ಜಂತುಹುಳುವಿನ ಔಷಧಿ ಬರೆದುಕೊಟ್ಟರು. ಅಜ್ಜ ಅದು ತನ್ನ ಮಂಡಿಗೇ ಎಂದು ತಿಳಿದು, ಬೃಂದಾಳನ್ನು ಪುಟ್ಟಸಿದ್ದಮ್ಮನಿಗೆ ಒಪ್ಪಿಸಿ ಔಷಧಿ ಕೊಂಡು ಹೋದ. ಆಮೇಲೆ ಬಂದು, ನೋವು ಎಷ್ಟೋ ಮೇಲು ಎಂದೂ ಹೇಳಿದ.

ಮೇಲೆ ಚಂದ್ರಕುಮಾರ್ ಅವರಿಗೆ ಸಿಕ್ಕಿದ್ದು ಬೊಟ್ಟಿಟ್ಟ ಗೊಂಬೆ ಮಾತ್ರ. ಎರಡನೇ ಸಲ ಬಂದಾಗ ಮಕ್ಕಳು ತಾರಸಿಯಲ್ಲಿ ಒಣಹಾಕಿದ್ದ ಹಾಸಿಗೆ ಬಟ್ಟೆಗಳ ಹಿಂದಿದ್ದವು. ಮಕ್ಕಳೇ ಇಲ್ಲದ ಕೋಣೆ ಯಾಕೆ, ಸೋಮವಾರ ಕೊನೆಯ ಸಲ ನೋಡುತ್ತೇನೆ, ಆಮೇಲೆ ಅದು ಔಷಧಿ ಪೆಟ್ಟಿಗೆ ಇಡುವ ಜಾಗ ಎಂದು ಹೇಳಿ ಹೋದರು.

ನಾನು ದಡದಡನೆ ಮೇಲೆ ಹತ್ತಿದೆ. ಬಾಗಿಲಲ್ಲಿ ವಾಚ್‌ಮನ್ ಬೀರಯ್ಯ ಕಾಫಿ ಲೋಟ ಹಿಡಿದು ನಿಂತಿದ್ದ. ಪುಟ್ಟಸಿದ್ದಮ್ಮ ಅನ್ನ ಕಿವುಚುತ್ತಿದ್ದಳು.

"ದೊಡ್ಡವ್ವ, ನಮ್ ಹೊಟ್ಟೆ ಮೇಲೆ ಯಾಕ್ ಹೊಡೀತೀಯ? ಸುಮ್ನೆ ಎಣಿಸ್ಕೊಂಡ್ ಹೋಗ್ಲಿ ಬುಡು."

"ಎಣ್ಸಕ್ ಅವೇನ್ ಕುರಿ ಮರಿಗಳಾ? ಕೂಸ್ಗಳ ಎಣ್ಸುದ್ರೆ ಕಮ್ಮಿ ಆಯ್ತವೆ ಕಣಮ್ಮಿ."

"ಕೋಣೆ ಮುಚ್ಚುದ್ರೆ ನಾನ್ ಕೆಲ್ಸ ಬುಡ್ಬೇಕು. ನೀನೂ ಮನೇಲ್ ಕುಂತ್ಕೊಬೇಕು."

"ಕುಂತ್ಕತೀನಿ. ಕೂಸ್ಗಳು ಚೆಂದಾಗಿರ್ಲಿ."

ಕೋಪಕ್ಕೆ ನನಗೆ ಅಳುವೇ ಬಂತು. ಅವಳು ಎದ್ದು ನನ್ನ ಕಣ್ಣು ಒರೆಸಿದಳು, ಅದೂ ಮಕ್ಕಳ ಮೂಗು ಒರೆಸುವ ಬಟ್ಟೆಯಲ್ಲಿ.

ಬೀರಯ್ಯ ಬೇಸಾಯವನ್ನೂ ಬಿಡದ ಮನುಷ್ಯ. ಕಾಫಿ ಮುಗಿಸಿ ಮೆಲ್ಲಗೆ ಕೇಳಿದ, "ಅಲ್ಲಕಣಕ್ಕ, ಕಣ್ದಲ್ಲಿ ರಾಗಿ ಅಳೆಯೋವಾಗ ಮೊದಲ್ನೇ ಕೊಳಗಕ್ಕೆ ಏನಂತೀಯ?"

"ಲಾಭ ಅಂತೀನಿ. ಒಂದು ಅಂದಾರಾ ಯಾರಾದ್ರೂ?"

"ಇವನ್ನೂ ಅಂಗೇ ಎಣ್ಸು. ರಾಸಿಗ್ ಆಗ್ದಿದ್ ದೃಷ್ಟಿ ಕೂಸ್ಗಳ್ಗ್ ಆದಾದಾ?"

ಪುಟ್ಟಸಿದ್ದಮ್ಮ ಬಹಳ ಹೊತ್ತು ಯೋಚಿಸಿದಳು. ತುತ್ತು ಕೈಯಲ್ಲೇ ಇತ್ತು, ಎದುರಿಗೆ ಒಂದು ಮಗು ಬಾಯಿ ತೆರೆದುಕೊಂಡೇ ಕಾಯುತ್ತಿತ್ತು.

ಸೋಮವಾರ ಚಂದ್ರಕುಮಾರ್ ಬಂದಾಗ ಮಕ್ಕಳೆಲ್ಲ ಗೋಡೆಗೊರಗಿ ಸಾಲಾಗಿ ಕುಳಿತಿದ್ದವು. ಅವರು ಬೆರಳೆತ್ತಿ "ಒಂದು" ಎನ್ನುವಷ್ಟರಲ್ಲಿ ಪುಟ್ಟಸಿದ್ದಮ್ಮ ಆ ಬೆರಳನ್ನೇ ಹಿಡಿದುಕೊಂಡಳು.

"ಬೆಳ್ಳು ತೋರ್ಸ್‌ಬೇಡಿ ಸಾ. ನಾನೇ ಎಣ್ಸ್ತೀನಿ."

ಒಂದೊಂದು ತಲೆಯನ್ನೂ ಮುಟ್ಟುತ್ತಾ ಹೋದಳು. ಮೊದಲ ತಲೆಗೆ "ಲಾಭ" ಎಂದಳು. ಚಂದ್ರಕುಮಾರ್ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. "ಸಂತೆಮರಹಳ್ಳಿಯಲ್ಲಿ ನಮ್ಮ ತಾತನೂ ಹೀಗೇ ಅಳೆಯುತ್ತಿದ್ದರು" ಎಂದರು. ಅಷ್ಟರಲ್ಲಿ ಒಂದು ಮಗು ಅಂಬೆಗಾಲಿಟ್ಟು ಅವರ ಬೂಟಿನ ದಾರ ಬಾಯಿಗಿಟ್ಟುಕೊಂಡಿತು, ಲೆಕ್ಕ ತಪ್ಪಿತು. ಇನ್ನೊಂದು ಸಲ ಎಣಿಸಮ್ಮ ಎಂದರು.

"ಎರಡ್ನೇ ಕಿತ ಅಳೆದ್ರೆ ರಾಸಿ ಕರಗೋಯ್ತದೆ ಸಾ. ನಿಮ್ ತಾತ ಏಳ್ಕೊಡ್ಲಿಲ್ವಾ?"

ಅವರು ನಕ್ಕುಬಿಟ್ಟರು. ಇಷ್ಟು ಮಕ್ಕಳನ್ನು ಕಣ್ಣಾರೆ ಕಂಡ ಮೇಲೆ ಮುಚ್ಚುವ ಮಾತೇ ಇಲ್ಲ ಎಂದರು. ಎಣಿಕೆಯ ಹೊತ್ತಿನಲ್ಲಿ ಒಳಗಿದ್ದವರಿಗೂ ದೃಷ್ಟಿ ತಾಕಬಾರದು ಎಂದು ಪುಟ್ಟಸಿದ್ದಮ್ಮ ಅವರ ಕೆನ್ನೆಗೂ ಒಂದು ಬೊಟ್ಟಿಟ್ಟಳು. ಮೈಸೂರು ಮುಟ್ಟುವವರೆಗೂ ಅದನ್ನು ಅವರಿಗೆ ಯಾರೂ ನೆನಪಿಸಲಿಲ್ಲವಂತೆ.

ಮರುದಿನ ತೆರಕಣಾಂಬಿಯಿಂದ ಬರುವ ನಮ್ಮ ಬಸ್ಸು ಈರುಳ್ಳಿ ಲಾರಿಗಳ ಹಿಂದೆ ಸಿಕ್ಕಿಕೊಂಡು ತಡವಾಯಿತು. ಇಳಿದು ನೋಡುತ್ತೇನೆ, ಪುಟ್ಟಸಿದ್ದಮ್ಮ ಹೆದ್ದಾರಿಯ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದಾಳೆ. ಜೊತೆಗೆ ಬೀರಯ್ಯ.

"ಎಲ್ಲಾ ಬಂದವೆ, ನಿನ್ ಕೂಸೊಂದೇ ಬಾಕಿ ಅಂತ ಆಗ್ಲಿಂದ ಇಲ್ಲೇ ನಿಂತವ್ಳೆ ಕಣವ್ವ" ಎಂದ.

ಅವಳು ಬೃಂದಾಳನ್ನು ನನ್ನ ಕೈಯಿಂದ ಕಿತ್ತುಕೊಂಡು ಹಣೆ ಮುಟ್ಟಿ ನೋಡಿದಳು, ಕೈಕಾಲು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಒಸಿ ಬಿರ್‌ನೆ ಎದ್ದು ಬರಕ್ ಏನ್ ದಾಡಿ ನಿಂಗೆ?" ಎಂದಳು.

ಮೆಟ್ಟಿಲು ಹತ್ತುತ್ತಾ, ನನ್ನ ಮುಖ ನೋಡದೆ ಹೇಳಿದಳು. "ನಂಗೂ ಮೂರಿದ್ವು ಕಣಮ್ಮಿ. ಜನಗಣತಿ ಮೇಷ್ಟ್ರು ಬಂದು ಎಷ್ಟು ಮಕ್ಳು ಅಂದ್ರು. ಮೂರು ಅಂತ ಬಾಯ್ಬುಟ್ಟು ಅಂದ್ಬುಟ್ಟೆ. ಆ ವಾರ್ದಲ್ಲೇ ಚಿಕ್ಕುದ್ಕೆ ಜರ ಬಂದು ಓಗ್ಬುಡ್ತು."

ನಾನು ನರ್ಸು. ಜ್ವರ ಯಾಕೆ ಬರುತ್ತದೆಂದು ನನಗೆ ಗೊತ್ತು. ಆದರೂ ಅವಳ ಸೆರಗು ಹಿಡಿದುಕೊಂಡು ಹತ್ತಿದೆ.

ಅವಳು ಬೃಂದಾಳನ್ನು ಉಳಿದವರ ನಡುವೆ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೋಣೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಒಮ್ಮೆ ಕಣ್ಣಾಡಿಸಿದಳು.

"ಅವೆ" ಎಂದಳು. "ಎಲ್ಲಾ ಅವೆ."