ಅಮಸಿದ್ದಪ್ಪ ಹೇಸರಗತ್ತೆಗೆ ಮೊದಲ ನಂಬರ್ ಕೊಟ್ಟದ್ದು

ಅಮಸಿದ್ದಪ್ಪನಿಗೆ ಎರಡು ಕಿವಿ ಬಾಕಿ ಬರಬೇಕು. ಎಡದ್ದೊಂದು, ಬಲದ್ದೊಂದು. ಮೀಸೆ ಮೂಡುವ ಮೊದಲೇ ಬನಹಟ್ಟಿಯ ಪಾವರಲೂಮ್ ಶೆಡ್ಡಿಗೆ ಸೇರಿ, ಸೀರೆಯ ಜೊತೆಗೆ ಅವನ್ನೂ ನೇಯ್ದು ಕೊಟ್ಟಿದ್ದಾನೆ. ಮಾಲಕನನ್ನು ಕೇಳಿದರೆ "ನಾ ಒಯ್ದಿಲ್ಲ" ಎನ್ನುತ್ತಾನೆ. ಸರ್ಕಾರವನ್ನು ಕೇಳಿದರೆ "ಹೋಗೇ ಇಲ್ಲ" ಎನ್ನುತ್ತದೆ. ಇಬ್ಬರ ಮಾತೂ ಕೇಳಿಸದ ಸ್ಥಿತಿಯಲ್ಲಿ ಅಮಸಿದ್ದಪ್ಪ ಇರುವುದರಿಂದ ಊರಿನಲ್ಲಿ ಸದ್ಯಕ್ಕೆ ಶಾಂತಿ ಇದೆ.

ಮಗ್ಗದ ಶೆಡ್ಡಿನೊಳಗೆ ಕಾಲಿಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸಪ್ಪಳದಲ್ಲಿ ಮನುಷ್ಯನ ದನಿಗೆ ಕಿಮ್ಮತ್ತಿಲ್ಲ. ಹೊಸದಾಗಿ ಸೇರಿದವನು ಗಂಟಲು ಹರಿಯುವಂತೆ ಕೂಗುತ್ತಾನೆ. ಹಳಬ ಬರೀ ತುಟಿ ಆಡಿಸುತ್ತಾನೆ. ಆ ತುದಿಯ ಮಗ್ಗದಲ್ಲಿ ನಿಂತವನು ಈ ತುದಿಯವನ ತುಟಿ ನೋಡಿ ನಗುತ್ತಾನೆ, ಬೈಯುತ್ತಾನೆ, ಸಾಲ ಕೇಳುತ್ತಾನೆ, ಇಲ್ಲವೆನಿಸಿಕೊಳ್ಳುತ್ತಾನೆ. ಇಡೀ ಓಣಿಯ ಸುದ್ದಿ ಹೀಗೆ ಸದ್ದಿಲ್ಲದೆ ಓಡಾಡುತ್ತದೆ. ಇದನ್ನು ಯಾರೂ ವಿದ್ಯೆ ಎನ್ನುವುದಿಲ್ಲ. "ಕೇಳೋದು" ಅಂತಲೇ ಅನ್ನುತ್ತಾರೆ.

ಅಮಸಿದ್ದಪ್ಪನ ಹೆಂಡತಿ ತಾರವ್ವ ಅದೇ ಶೆಡ್ಡಿನಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಿದವಳು. ಹಾಗಾಗಿ ಗಂಡ ಹೆಂಡಿರ ಜಗಳವೆಲ್ಲ ತುಟಿಯ ಮೇಲೇ ನಡೆಯುತ್ತದೆ. ಓಣಿಯವರು ತಮ್ಮ ಸೊಸೆಯಂದಿರಿಗೆ ಇವರನ್ನು ತೋರಿಸಿ, "ನೋಡ್ರಿ, ಸಂಸಾರ ಅಂದ್ರ ಹಿಂಗಿರಬೇಕ, ಒಂದ ದಿನ ದನಿ ಹೊರಗ ಬಂದಿಲ್ಲ" ಎಂದು ಬುದ್ಧಿ ಹೇಳುತ್ತಾರೆ. ತಾರವ್ವ ಆಡುವ ಬೈಗುಳ ಅವರ ಕಿವಿಗೆ ಬಿದ್ದರೆ ಸೊಸೆಯಂದಿರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಾರು.

ಹೀಗೇ ನಡೆದು ಹೋಗುತ್ತಿತ್ತು. ಆದರೆ ಹೋದ ಕಬ್ಬಿನ ಹಂಗಾಮಿನಲ್ಲಿ ಚಿಮ್ಮಡದ ರಸ್ತೆಯಲ್ಲಿ ಸೈಕಲ್ ಮೇಲೆ ಹೊರಟಿದ್ದ ಅಮಸಿದ್ದಪ್ಪನ ಹಿಂದೆ ಸಮೀರವಾಡಿಯ ಸಕ್ಕರೆ ಫ್ಯಾಕ್ಟರಿ ಕಡೆ ಹೊರಟ ಟ್ರ್ಯಾಕ್ಟರ್ ಬಂತು. ಎರಡು ಟ್ರೇಲರ್ ತುಂಬ ಕಬ್ಬು, ಎರಡು ಸ್ಪೀಕರ್ ಡಬ್ಬಿಯಲ್ಲಿ ಹಾಡು. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಬರುವುದು ಮುಂದಿನ ಊರಿನ ಬಸುರಿಯ ಹೊಟ್ಟೆಯ ಕೂಸಿಗೂ ಗೊತ್ತಾಗುತ್ತದೆ. ಇವನಿಗೆ ಗೊತ್ತಾದದ್ದು ಗಟಾರದಲ್ಲಿ ಬಿದ್ದು, ಮೇಲೆ ನಿಂತ ಚಾಲಕನ ತುಟಿ ನೋಡಿದ ಮೇಲೆ. ಆ ತುಟಿ ಇವನ ತಾಯಿಯನ್ನು ನೆನೆಯುತ್ತಿತ್ತು.

"ಕಿವಿಗೆ ಮಷಿನ್ ಹಾಕಿಸ್ಕೊ, ಇಲ್ಲಾ ಸೈಕಲ್ ಮಾರು. ನಾ ಮಾತ್ರ ಗಟಾರಕ್ಕ ಊಟ ತಗೊಂಡ ಬರಾಕಿ ಅಲ್ಲ" ಎಂದಳು ತಾರವ್ವ.

ಮಷಿನ್ ಪುಕ್ಕಟೆ ಬೇಕೆಂದರೆ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಬೇಕೆಂದರೆ ಜಮಖಂಡಿಯಲ್ಲಿ ನಡೆಯುವ ತಪಾಸಣೆ ಶಿಬಿರಕ್ಕೆ ಹೋಗಬೇಕು. ಹೋದ. ಕಿವಿ ತಪಾಸಣೆಯ ಯಂತ್ರ ಕೆಟ್ಟಿತ್ತು. ಯಂತ್ರ ಕೆಟ್ಟರೂ ಶಿಬಿರ ಕೆಡಬಾರದಲ್ಲ, ಸ್ವಾಗತದ ಬ್ಯಾನರು ಆಗಲೇ ಕಟ್ಟಿಯಾಗಿತ್ತು. ಹೀಗಾಗಿ ಡಾಕ್ಟರ್ ಸಾಹೇಬರು ಎದುರಿಗೆ ಕೂರಿಸಿಕೊಂಡು ಬಾಯಿಯಿಂದಲೇ ತಪಾಸಣೆ ಮಾಡಿದರು.

"ಏನಪಾ, ಹೆಸರೇನು?"

"ಅಮಸಿದ್ದಪ್ಪರಿ."

"ಊಟ ಆತೇನು?"

"ಆತ್ರಿ ಸಾಹೇಬ್ರ. ರೊಟ್ಟಿ, ಬದನಿಕಾಯಿ."

"ಕೇಳ್ತೈತಿ?"

"ಕೇಳ್ತೈತ್ರಿ."

ಕೇಳಿದ್ದಕ್ಕೆ ಉತ್ತರ ಕೊಡದೆ ಬಿಡುವುದು ಶೆಡ್ಡಿನಲ್ಲಿ ಮರ್ಯಾದೆ ಅಲ್ಲ. ತುಟಿ ಆಡಿತು, ಇವನು ಉತ್ತರಿಸಿದ. ಸಾಹೇಬರು "ಶ್ರವಣ ಸಾಮಾನ್ಯ" ಎಂದು ಬರೆದು, ಸುಳ್ಳು ಹೇಳಿ ಸರ್ಕಾರದ ಸಾಮಾನು ಒಯ್ಯಲು ಬರುವವರು ಹೆಚ್ಚಾಗಿದ್ದಾರೆ ಎಂದು ಪಕ್ಕದವರಿಗೆ ಹೇಳಿದರು. ಅದನ್ನೂ ಅಮಸಿದ್ದಪ್ಪ ತುಟಿಯ ಮೇಲೆಯೇ ಓದಿಕೊಂಡು ಮನೆಗೆ ಬಂದ.

ಇನ್ನು ಸಿನಿಮಾದ ವಿಷಯ. "ಏಳು ಬೀಗ" ಎಂಬ ಪರದೇಶದ ಸಾಹಸದ ಸಿನಿಮಾ ಸರಣಿಯೊಂದಿದೆ. ಕನ್ನಡದ ದನಿ ಕೂರಿಸಿ ಟೀವಿಯಲ್ಲಿ ಬಿಡುತ್ತಾರೆ. ನಮ್ಮ ಮಂದಿ ಅದನ್ನು ಕೀಲಿ ಪಿಕ್ಚರ್ ಎನ್ನುತ್ತಾರೆ. ಮಾರ್ಟಾ ಎಂಬ ಬೀಗ ರಿಪೇರಿಯ ಹೆಂಗಸು ಏಳು ಬೀಗ ತೆಗೆದರೆ ಜಗತ್ತಿನ ನಿಧಿ ಸಿಗುತ್ತದಂತೆ. ಐದು ಸಿನಿಮಾ ಮುಗಿದರೂ ತೆಗೆದದ್ದು ಮೂರೇ ಬೀಗ. ನಮ್ಮ ಕಡೆಯ ನೀರಾವರಿ ಯೋಜನೆಗಳನ್ನು ನೋಡಿ ಕಲಿತಿರಬೇಕು. ಮೊದಲನೆಯದು ನಾಟಿ ಕಬ್ಬು. ಮುಂದಿನ ನಾಲ್ಕು, ಕಡಿದ ಬುಡದಿಂದಲೇ ಚಿಗುರಿದ ಕೂಳೆ ಬೆಳೆ. ಬೀಜದ ಖರ್ಚಿಲ್ಲ, ರಸವೂ ಇಲ್ಲ. ಅದು ಸಾಲದೆಂದು ಬದುವಿನ ಮೇಲೂ ಎರಡು ಮೊಳೆತವು: ಖಳನಾಯಕನ ಹರೆಯದ ಕತೆ ಒಂದು, ಮಾರ್ಟಾಳ ಸಾಮಾನು ಹೊರುವ ಹೇಸರಗತ್ತೆ ತಪ್ಪಿಸಿಕೊಂಡು ಒಂಟಿಯಾಗಿ ಗುಡ್ಡ ದಾಟಿ ಮನೆಗೆ ಬರುವ ಕತೆ ಇನ್ನೊಂದು.

ಆರನೆಯ ಸಿನಿಮಾ ಜಮಖಂಡಿಯ ಥೇಟರಿಗೆ ಬರುವ ಮುಂಚೆ ಟೀವಿಯವರು ಹಳೆಯವನ್ನೆಲ್ಲ ದಿನಕ್ಕೊಂದರಂತೆ ಹಾಕಿದರು. ನಾಮದೇವನ ಚಾದಂಗಡಿಯಲ್ಲಿ ಕೂಡಲು ಜಾಗವಿರಲಿಲ್ಲ. ನೀರಿನ ಸಭೆಗೆ ಕರೆದರೆ ಮೈಯಲ್ಲಿ ಹುಷಾರಿಲ್ಲದವರೆಲ್ಲ ಅಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದರು. ನಾಮದೇವ ವ್ಯಾಪಾರಸ್ಥ. ಯಾವುದು ಮೊದಲು, ಯಾವುದು ಕಡೆ ಎಂದು ಎಲ್ಲರೂ ಒಪ್ಪುವಂತೆ ಸಾಲು ಹಚ್ಚಿ ಹೇಳಿದವರಿಗೆ ಹೊಸ ಸಿನಿಮಾದ ಟಿಕೆಟ್ ತನ್ನ ಲೆಕ್ಕದಲ್ಲಿ ಎಂದು ಸಾರಿದ. ಈ ನೆಲದಲ್ಲಿ ಎಲ್ಲರೂ ಒಪ್ಪಿದ ಸಂಗತಿ ಒಂದೂ ಇಲ್ಲವೆಂಬ ಧೈರ್ಯ ಅವನಿಗಿತ್ತು.

ಎದ್ದು ನಿಂತವನು ಸೋಮಲಿಂಗ. ರಬಕವಿಯ ಹಳೆಯ ಮನೆತನ, ಮುಧೋಳದಲ್ಲಿ ಬ್ಯಾಂಕಿನ ನೌಕರಿ. ಸಿನಿಮಾಗಳನ್ನು ಮೂಲ ಭಾಷೆಯಲ್ಲೇ ಲ್ಯಾಪ್‌ಟಾಪಿನಲ್ಲಿ ನೋಡಿದವನು. ಅದನ್ನು ಅವನೇ ಮತ್ತೆ ಮತ್ತೆ ಹೇಳುತ್ತಾನಾದ್ದರಿಂದ ನಾನು ಒಂದೇ ಸಲ ಹೇಳಿದರೆ ಸಾಕು.

"ಮೊದಲನೇ ನಂಬರ್ ಮೂರನೇದ್ದಕ್ಕ. ಹಡಗಿನ ಖೋಲ್ಯಾಗ ಮಾರ್ಟಾ ಮತ್ತ ಕ್ಯಾಪ್ಟನ್ ತಾಸಗಟ್ಲೆ ವಾದ ಮಾಡ್ತಾರಲ್ಲ, ಅದು ಅಭಿನಯ. ಆಮ್ಯಾಲೆ ಒಂದನೇದು, ಎರಡನೇದು, ಖಳನಾಯಕಂದು. ನಾಕು ಐದು ಬರೇ ಧೂಳು, ನೀರು. ಹೇಸರಗತ್ತಿದ್ದನ್ನ ನಾ ಲೆಕ್ಕಕ್ಕs ಹಿಡಿಯಾಂಗಿಲ್ಲ."

ಅಂಗಡಿ ತಲೆಯಾಡಿಸಿತು. ಬ್ಯಾಂಕಿನವರು ಹೇಳಿದ್ದಕ್ಕೆ ತಲೆಯಾಡಿಸುವುದು ಎಲ್ಲರಿಗೂ ರೂಢಿ. ಸಹಿ ಎಲ್ಲಿ ಹಾಕಬೇಕೆಂದಷ್ಟೇ ಕೇಳುವುದು ಉಳಿದಿತ್ತು. ಆಗ ಮೂಲೆಯಿಂದ ಅಮಸಿದ್ದಪ್ಪ ಎದ್ದ.

"ಎಲ್ಲಾ ಉಲ್ಟಾ ಹೇಳಾಕತ್ತೀರಿ. ಹೇಸರಗತ್ತಿದ್ದು ಮೊದಲ. ಅದರ ಹಿಂದ ಐದನೇದು, ಮರಳಗಾಡಿಂದು. ಆಮ್ಯಾಲೆ ನಾಕನೇದು, ನೀರಾಗಿಂದು. ಮೂರನೇದು ಎಲ್ಲಾದಕ್ಕೂ ಕಡಿಗೆ."

ಅಂಗಡಿ ಒಡೆಯುವಂತೆ ನಕ್ಕಿತು. ಯಾರೋ "ಹೇಸರಗತ್ತಿ ನಿನ್ನ ಕಡಿ ಬೀಗತಿ ಏನಲೇ?" ಎಂದರು. "ನಿಮ್ಮ ಮನ್ಯಾನ ಬೀಗರಕಿಂತ ಛಲೋ ಐತಿ, ಬಾಯಿ ಮುಚ್ಕೊಂಡ ನಡೀತೈತಿ" ಎಂದ ಅಮಸಿದ್ದಪ್ಪ.

ಸೋಮಲಿಂಗನಿಗೆ ನಗು ಬರಲಿಲ್ಲ. "ಅಮಸಿದ್ದಪ್ಪ, ಆ ಹಡಗಿನ ಮಾತು ನಿನಗ ತಿಳಿಲಿಲ್ಲ ಅಂತ ಹೇಳು, ಒಪ್ತೀನಿ."

"ತಿಳಿಯಾಕ ಏನ್ರಿ ಐತಿ ಅದರಾಗ? ತಾಸಗಟ್ಲೆ ಬಾಯಿ ಆಡಸ್ತಾರ, ಒಂದ ಶಬ್ದ ಕೇಳಂಗಿಲ್ಲ. ಬಾಯಾಗ ಹುಗ್ಗಿ ಇಟ್ಕೊಂಡ ಮಾತಾಡಿದಂಗ. ಐದನೇದ್ದರಾಗ ಧೂಳಿಗೆ ಎಲ್ಲಾರೂ ಬಾಯಿಗೆ ಅರಿವಿ ಕಟ್ಟ್ಯಾರ, ಪಾಪ ನಮ್ಮನ್ನ ಕಾಡಂಗಿಲ್ಲ. ನೀರಾಗಿಂದ್ದರಾಗ ಮುಸುಡಿಗೆ ಗಾಜ ಹಾಕ್ಯಾರ. ಹೇಸರಗತ್ತಿ ಅಂತೂ ದೇವರಂಥದ್ದು."

"ಕೇಳಂಗಿಲ್ಲಾ?" ನಾಮದೇವ ರೇಗಿದ. "ಟೀವಿ ಸವುಂಡ್ ಚಿಮ್ಮಡಕ್ಕ ಮುಟ್ಟೈತಿ, ಮೂಲ್ಯಾಗ ಕುಂತಾವಗ ಕೇಳಂಗಿಲ್ಲಂತ!"

ಆಗ ಎದುರಿನ ಬೆಂಚಿನಲ್ಲಿ ಕೂತಿದ್ದ ನನಗೆ ಹೊಳೆಯಿತು. ಕನ್ನಡದ ಮಾತು ಬರುವುದು ಟೀವಿಯ ಡಬ್ಬಿಯಿಂದ. ಮಾರ್ಟಾಳ ತುಟಿ ಆಡುವುದು ಪರದೇಶದ ಮಾತು. ಅಮಸಿದ್ದಪ್ಪನಿಗೆ ಡಬ್ಬಿ ಇಲ್ಲ, ತುಟಿಯಷ್ಟೇ ಇದೆ.

ನನ್ನ ಕಪ್ಪಿನ ಬಶಿಯಲ್ಲಿ ಚಾ ಇತ್ತು. ಬಶಿಯನ್ನು ಬಾಯಿಗೆ ಅಡ್ಡ ಹಿಡಿದು, ಗಟ್ಟಿಯಾಗಿ ಕೇಳಿದೆ: "ಅಮಸಿದ್ದಪ್ಪ, ನಿನ್ನ ಹೆಸರೇನು?"

ಅವನು ಭಜಿ ಮುರಿಯುತ್ತಿದ್ದ.

"ನಿನ್ನ ಮನಿಗೆ ಬೆಂಕಿ ಹತ್ತೈತಿ!"

ಭಜಿ ಬಾಯಿಗೆ ಹೋಯಿತು. ಅಂಗಡಿಯಲ್ಲಿ ನಗು ನಿಂತಿತು. ಬಶಿ ಕೆಳಗಿಟ್ಟು, ದನಿ ತೆಗೆಯದೆ ತುಟಿ ಮಾತ್ರ ಆಡಿಸಿದೆ: ಭಜಿ ಹೆಂಗ ಅದಾವ?

"ಉಪ್ಪ ಕಡಿಮಿ ಅದಾವ್ರಿ" ಎಂದ ಅಮಸಿದ್ದಪ್ಪ.

ಒಬ್ಬ ಮನುಷ್ಯನ ಎರಡೂ ಕಿವಿ ಹೋಗಿವೆ ಎಂಬುದು ಊರಿನ ನಟ್ಟನಡುವೆ ಬಯಲಾಗಿತ್ತು. ನಾಮದೇವನಿಗೆ ಚಿಂತೆ ಹತ್ತಿದ್ದು ಉಪ್ಪಿನದು. "ಯಾರರೆ ಬ್ಯಾರೆದವರು ತಿಂದ ನೋಡ್ರಿ, ಕಡಿಮಿ ಅದಾವೇನು?" ಎಂದು ತಟ್ಟೆ ತಿರುಗಿಸಿದ.

ಮುಂದಿನ ಶಿಬಿರಕ್ಕೆ ನಾನೂ ಹೋದೆ, ತಾರವ್ವನೂ ಬಂದಳು. ಯಂತ್ರ ಇನ್ನೂ ಕೆಟ್ಟೇ ಇತ್ತು, ಬ್ಯಾನರು ಮಾತ್ರ ಹೊಸದು. ಅದೇ ಸಾಹೇಬರು. ಮಗ್ಗದವರು ತುಟಿ ನೋಡಿ ಉತ್ತರ ಕೊಡುತ್ತಾರೆ, ಬಾಯಿಗೆ ಕೈ ಅಡ್ಡ ಇಟ್ಟು ಕೇಳಿ ಎಂದೆ. ಸಾಹೇಬರು ಬಾಯಿ ಮುಚ್ಚಿ ಕೇಳಿದರು. ಅಮಸಿದ್ದಪ್ಪ ಗೋಡೆಯ ಮೇಲಿನ ಹಲ್ಲಿ ನೋಡುತ್ತ ಕೂತ.

"ಕಲಿಸಿಕೊಂಡು ಬಂದಿದ್ದೀರಿ" ಎಂದರು ಸಾಹೇಬರು. "ಹೋದ ಸಲ ಎಲ್ಲದಕ್ಕೂ ಉತ್ತರ ಕೊಟ್ಟಿದ್ದಾನೆ. ದಾಖಲೆ ಇದೆ."

ಬೇರೆ ದಾರಿ ಇಲ್ಲದೆ ಕೀಲಿ ಪಿಕ್ಚರಿನ ಕತೆ ಹೇಳಿದೆ. ಮೂರನೆಯದು ಕಡೆಗೆ, ಹೇಸರಗತ್ತೆ ಮೊದಲು, ಯಾಕೆ ಎನ್ನುವುದನ್ನು ಬಿಡಿಸಿಟ್ಟೆ. ಸಾಹೇಬರು ಮೊದಲ ಸಲ ತಲೆ ಎತ್ತಿ ನೋಡಿದರು. ಕಣ್ಣಲ್ಲಿ ಹೊಳಪು ಬಂತು. ಸರಣಿಯ ಭಕ್ತರಂತೆ ಅವರು!

"ಮೂರನೇದು ಕಡೆಗೆ? ಖರೇನ ಹಂಗ ಅಂದೇನಪಾ?" ಎಂದು, ಬಾಯಿಗೆ ಕೈ ಅಡ್ಡ ಇಡುವುದನ್ನು ಮರೆತು, ಅಮಸಿದ್ದಪ್ಪನನ್ನೇ ಕೇಳಿದರು.

"ಹೂನ್ರಿ" ಎಂದ ಅವನು, ತುಟಿ ಕಂಡ ಖುಷಿಗೆ. "ಹೇಸರಗತ್ತಿ ಮೊದಲ."

"ನೋಡಿದ್ರಾ? ಕೇಳ್ತೈತಿ" ಎಂದರು ಸಾಹೇಬರು. ಮತ್ತೆ ಸ್ವಲ್ಪ ಯೋಚಿಸಿ, ಮೂರನೆಯದನ್ನು ಕಡೆಗಿಡುವವನ ಕಣ್ಣಿನಲ್ಲೇ ಏನೋ ದೋಷವಿರಬೇಕು ಎಂದು ನೇತ್ರ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು.

ಅಲ್ಲಿಯ ಯಂತ್ರ ಸುಸ್ಥಿತಿಯಲ್ಲಿತ್ತು. ಅಮಸಿದ್ದಪ್ಪ ಗೋಡೆಯ ಸಣ್ಣ ಅಕ್ಷರವನ್ನೂ ಓದಿದ. ಅಷ್ಟಲ್ಲದೆ, ಗಾಜಿನಾಚೆ ನರ್ಸಮ್ಮ ಫೋನಿನಲ್ಲಿ ತನ್ನ ಅತ್ತೆಯ ಬಗ್ಗೆ ಆಡುತ್ತಿದ್ದುದನ್ನೂ ಓದಿ ನಕ್ಕ. "ದೃಷ್ಟಿ ಅತ್ಯುತ್ತಮ" ಎಂದು ಠಸ್ಸೆ ಹೊಡೆದು ಕೊಟ್ಟರು. ಕಿವುಡನೊಬ್ಬನಿಗೆ ನಮ್ಮ ವ್ಯವಸ್ಥೆ ಇಷ್ಟು ಶೀಘ್ರವಾಗಿ ಕೊಟ್ಟ ಸರ್ಟಿಫಿಕೇಟ್ ಅದೊಂದೇ.

ಬಸ್ಸಿನಲ್ಲಿ ತಾರವ್ವ ಆ ಕಾಗದವನ್ನು ಮಡಚಿ ಗಂಡನ ಅಂಗಿಯ ಕಿಸೆಗೆ ತುರುಕಿದಳು. "ಟ್ಯಾಕ್ಟರ್ ಬಂದಾಗ ಇದನ್ನ ತಗದ ತೋರ್ಸು" ಎಂದಳು. ಈ ಸಲ ದನಿ ತೆಗೆದೇ ಹೇಳಿದಳು. ಬಸ್ಸೆಲ್ಲ ತಿರುಗಿ ನೋಡಿತು, ಗಂಡನೊಬ್ಬನನ್ನು ಬಿಟ್ಟು. ಅವನು ಕಿಟಕಿಯ ಹೊರಗೆ ಕಬ್ಬು ನೋಡುತ್ತಿದ್ದ.

ಆರನೆಯ ಸಿನಿಮಾ ಬಂತು, ಹೋಯಿತು. ಟಿಕೆಟ್ ಯಾರಿಗೂ ಕೊಡಬೇಕಾಗಲಿಲ್ಲ. ನಾಮದೇವ ತಾನೇ ನೋಡಿ ಬಂದ. ಸೋಮಲಿಂಗ ಮಾತ್ರ ಚಿಂತನೆ ನಡೆಸಿ ತನ್ನ ಪಟ್ಟಿ ತಿದ್ದಿದ್ದಾನೆ. ಲೆಕ್ಕಕ್ಕೇ ಇಲ್ಲದಿದ್ದ ಹೇಸರಗತ್ತೆಯನ್ನು ಕಡೆಯ ನಂಬರಿಗೆ ಸೇರಿಸಿಕೊಂಡಿದ್ದಾನೆ. ಓದಿದವರಿಂದ ಇಷ್ಟು ಕ್ರಾಂತಿಯಾದರೆ ಅದೇ ಹೆಚ್ಚು. ಅಮಸಿದ್ದಪ್ಪ ಈಗಲೂ ಚಿಮ್ಮಡದ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಾನೆ. ಕಬ್ಬಿನ ಹಂಗಾಮು ಮತ್ತೆ ಸುರುವಾಗಿದೆ.

ಅವನ ಶೆಡ್ಡಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು, ಬಶಿ ಅಡ್ಡ ಹಿಡಿದು ಹೆಸರು ಕೇಳಿದೆ. ತಮ್ಮ ಹೆಸರು ಹೇಳಿದವರು ಕಡಿಮೆ. ಉಳಿದವರಾರಿಗೂ ತಾವು ಕಿವುಡರೆಂದು ಗೊತ್ತಿರಲಿಲ್ಲ. "ಕೇಳ್ತೈತ್ರಿ" ಎಂದೇ ಎಲ್ಲರೂ ಅಂದರು, ಬಶಿ ಕೆಳಗಿಟ್ಟ ಮೇಲೆ.

ಬರುವ ಸೋಮವಾರ ಜಮಖಂಡಿಯಲ್ಲಿ ಮತ್ತೆ ಶಿಬಿರ. ಬ್ಯಾನರು ಸಿದ್ಧವಾಗಿರುತ್ತದೆ, ಯಂತ್ರದ ಖಾತ್ರಿ ನನಗಿಲ್ಲ. ಚಿಕ್ಕಪಡಸಲಗಿಯಲ್ಲಿ ಸರ್ಕಾರದ ದಾರಿ ಕಾಯದೆ ಹೊಳೆಗೆ ಅಡ್ಡ ನಿಂತು ತಾವೇ ಬ್ಯಾರೇಜು ಕಟ್ಟಿದ ಜನಕ್ಕೆ ಒಂದು ಯಂತ್ರ ರಿಪೇರಿ ಮಾಡಿಸುವುದು ದೊಡ್ಡದಲ್ಲ. ಆದರೆ ಅಮಸಿದ್ದಪ್ಪನಂಥವರ ಹಿಂದೆ ನಿಲ್ಲಲು ಕಿವಿ ಇದ್ದವರು ಬೇಕು. ಆದ್ದರಿಂದ ಇದನ್ನು ಓದುತ್ತಿರುವ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಹೆಗಲ ಮೇಲಿನ ಟಾವೆಲ್, ನಿಮ್ಮ ಮನೆಯಾಕೆ ಉಟ್ಟ ಸೀರೆ ಯಾರದೋ ಕಿವಿ ತಿಂದು ಬಂದದ್ದು. ಆ ಟಾವೆಲನ್ನು ಬಾಯಿಗೆ ಕಟ್ಟಿಕೊಂಡು ಸೋಮವಾರ ಬನ್ನಿ. ಸಾಲಿನಲ್ಲಿ ನಿಂತ ಪ್ರತಿ ನೇಕಾರನ ಹೆಸರು ಕೇಳಿ. ಉತ್ತರ ಬಾರದಿದ್ದರೆ, ಸಾಹೇಬರ ಎದುರೇ ಸಾಕ್ಷಿಯಾಗಿ ಸಹಿ ಹಾಕಿ. ಭಾಷಣ ಬೇಡ, ಹಾರ ಬೇಡ, ಫೋಟೋ ಬೇಡ.

ಬಾಯಿಗೆ ಕೈ ಅಡ್ಡ ಇಡದೆ ಹೇಳಿ: ಬರುತ್ತೀರೋ, ಇಲ್ಲವೋ?