ಫಿಶ್ ಫೈಂಡರಿನ ಪಾಲು

ಗೆಳೆಯರೇ, ಇವತ್ತು ನಮ್ಮ ಬೋಟಿಗೆ ರಾಶಿ ಬಂಗುಡೆ ಬಿತ್ತು. ಬೋಟು ನಿಲ್ಲುವ ದಕ್ಕೆಯಲ್ಲಿ ಮೀನು ಕೊಳ್ಳಲು ಬಂದ ಗುಲಾಬಿಯಕ್ಕ, ಬೋಟು ನಡೆಸುವ ಶೇಖರಣ್ಣನನ್ನು ಹೊಗಳಿದರು: "ಹ್ವಾಯ್, ನೀವ್ ನೀರಿನ್ ಬಣ್ಣ ಕಂಡೇ ಮೀನ್ ಹಿಡಿತ್ರಿ." ಶೇಖರಣ್ಣ ಮೀಸೆ ತಿರುವಿದರು. ನನಗೆ ಸುಮ್ಮನಿರಲಾಗಲಿಲ್ಲ.

"ಬಣ್ಣ ಅಲ್ಲ ಅಕ್ಕ, ಹೊಸ ಫಿಶ್ ಫೈಂಡರಂಗೆ ಕಂಡದ್ದ್" ಎಂದೆ. ನೀರಿನಡಿ ಏನಿದೆ ಎಂದು ಪರದೆಯಲ್ಲಿ ತೋರಿಸುವ ಮಿಷನ್ ಅದು.

"ಹೌದಾ? ಅದ್ರಂಗೆ ಕಂಡದ್ದ್ ಕಲ್ಲಲ್ಲ, ಬಂಗ್ಡಿ ಅಂದ್ ಹೇಳದ್ ಯಾರ್?" ಎಂದು ಶೇಖರಣ್ಣ ಕೇಳಿದರು.

"ನೀವೇ" ಎಂದೆ. ಅದೂ ನಿಜವೇ. ಮಿಷನ್ ಬಂದ ಮೇಲೆ ಅವರ ಕಣ್ಣು ಸಮುದ್ರದ ತಳದವರೆಗೂ ಹೋಗುತ್ತದೆ.

"ಹಂಗಾರೆ ಅರ್ಧ ಮೀನ್ ಅದ್ ಹಿಡದ್ದಲ್ದಾ?" ಎನ್ನುತ್ತಾ, ಮನೆಯ ಅಡುಗೆಗೆಂದು ನನಗೆ ಕೊಟ್ಟಿದ್ದ ಮೀನಿನಲ್ಲಿ ಅರ್ಧ ವಾಪಸ್ ತೆಗೆದರು. "ಇದ್ ಮಿಷನ್ ಪಾಲ್."

ಮಿಷನ್ ಬೋಟಿನಲ್ಲೇ ಇದೆ. ಅದರ ಪಾಲು ಶೇಖರಣ್ಣನ ಮನೆಗೆ ಹೋಯಿತು.