ಡ್ರೈವರ್ ಬಸ್ಸು ನಿಲ್ಲಿಸಿದ್ದ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಮುಂದಿನ ಸೀಟಿನಲ್ಲಿದ್ದವನು ಮಣಿಕಟ್ಟು ಎತ್ತಿ ಗಡಿಯಾರ ನೋಡಿ, ಗಂಟೆಯನ್ನು ಜೋರಾಗಿಯೇ ಹೇಳಿದ್ದರಿಂದ ನನಗೆ ಗೊತ್ತು. ಹನೂರಿನಿಂದ ಕೊಳ್ಳೇಗಾಲಕ್ಕೆ ಹೊರಟಿದ್ದ ನಮ್ಮ ಬಸ್ಸು ಕಾಮಗೆರೆಗೆ ಮುಂಚೆ ಸಿಗುವ ಹಳ್ಳದ ಬಳಿ ನಿಂತಿತ್ತು. ಮೇಲೆ ಬಿಸಿಲು, ಒಂದು ಚೂರು ಮೋಡವಿಲ್ಲ. ಡ್ರೈವರ್ ಕೆಳಗಿಳಿದು ಹಳ್ಳದ ಅಂಚಿಗೆ ಹೋಗಿ ನೀರು ನೋಡುತ್ತಿದ್ದ.

ಇದನ್ನು ಪೊಲೀಸಿನವರ ಮುಂದೆ ಹೇಳಿದೆ, ಹೆಡ್‌ಮಾಸ್ಟರ ಮುಂದೆ ಹೇಳಿದೆ, ಕೋರ್ಟಿನಲ್ಲಿ ಹೇಳಿದೆ. ಈಗಲೂ ಸ್ನಾನದ ಮನೆಯಲ್ಲಿ ಹಂಡೆಗೆ ನೀರು ಬೀಳುವ ಸದ್ದಾದರೆ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತೇನೆ. ಆದ್ದರಿಂದ ಇನ್ನೊಂದು ಸಲ ಹೇಳುತ್ತೇನೆ. ಡ್ರೈವರ್ ಬಸ್ಸು ನಿಲ್ಲಿಸಿದ್ದ.

ಅವತ್ತಿನ ಬೆಳಿಗ್ಗೆಯಿಂದ ಹೇಳಬೇಕು. ಆಗ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಹನೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಮನೆ ಕೊಳ್ಳೇಗಾಲದಲ್ಲಿ, ಅವ್ವನ ಜೊತೆ. ದಿನಾ ಬಸ್ಸಿನ ಓಡಾಟ. ಶಾಲೆಯ ಹೊರಗೋಡೆಯ ಮೇಲೆ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಒಂದು ಕರಿಹಲಗೆ ಇತ್ತು. ಅದರಲ್ಲಿ ದಿನಾ ನಾಲ್ಕು ವಿಷಯ ಬರೆಯುವುದು ನನ್ನ ಕೆಲಸ: ಹವಾಮಾನ, ಚರಿತ್ರೆ, ನಗೆ, ಮಾತು. ಯಾರೂ ಒಪ್ಪಿಸಿದ ಕೆಲಸವಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ಬಸ್ಸಿಗೆ ಕಾಯುವವರು ಸುಮ್ಮನೆ ನಿಂತಿರುವುದು ನೋಡಿ ನನ್ನ ಕೈ ತುರಿಸುತ್ತಿತ್ತು. ಓದು ಬಾರದವರಿಗೆ ಓದು ಬಂದವರು ಓದಿ ಹೇಳುತ್ತಿದ್ದರು. ನಗೆ ಚೆನ್ನಾಗಿಲ್ಲದಿದ್ದರೆ "ಟೀಚರಮ್ಮ, ಇವತ್ತು ಉಪ್ಪಿಲ್ಲ ಕಣವ್ವ" ಎಂದು ಬಸ್ಸಿನ ಕಿಟಕಿಯಿಂದಲೇ ಕೂಗುತ್ತಿದ್ದರು.

ಹವಾಮಾನಕ್ಕೆ ನನ್ನ ಬಳಿ ಯಾವ ಯಂತ್ರವೂ ಇರಲಿಲ್ಲ. ಬೆಟ್ಟದಿಂದ ಬಿದಿರು ತುಂಬಿಕೊಂಡು ಇಳಿಯುವ ಲಾರಿಗಳು ಶಾಲೆಯ ಎದುರಿನ ಟೀ ಅಂಗಡಿಯಲ್ಲಿ ನಿಲ್ಲುತ್ತಿದ್ದವು. ಮೇಲೆ ಮಳೆಯಾಯಿತೇ ಎಂದು ಅವರನ್ನು ಕೇಳಿ ಬರೆಯುತ್ತಿದ್ದೆ, ಅಷ್ಟೆ.

ಅವತ್ತು ನವೆಂಬರ್ ಒಂದು. ಹಲಗೆಯಲ್ಲಿ ಹೀಗೆ ಬರೆದಿದ್ದೆ. ಹವಾಮಾನ: ರಾತ್ರಿ ಬೆಟ್ಟದಲ್ಲಿ ಜೋರು ಮಳೆ, ಇನ್ನೂ ಬಿಟ್ಟಿಲ್ಲ. ಇಲ್ಲಿ ಬಿಸಿಲು. ಹಳ್ಳ ತುಂಬಿ ಬರಬಹುದು. ಚರಿತ್ರೆ: ಐವತ್ತಾರರಲ್ಲಿ ಇದೇ ದಿನ ನಮ್ಮ ತಾಲ್ಲೂಕು ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನಗೆ: "ಎಲ್ಲಕ್ಕಿಂತ ನಿಧಾನವಾಗಿ ಹೋಗುವುದು ಯಾವುದು?" "ಬಸವನಹುಳು ಸಾರ್, ಹನೂರು ಬಸ್ಸು ಅದರ ಹಿಂದೆ." ಮಾತು: ನಿಂತು ನೋಡುವವನು ಸೋಮಾರಿಯಲ್ಲ.

ನಮ್ಮ ಬಸ್ಸಿನ ಡ್ರೈವರ್ ಯಳಂದೂರಿನವನು, ನಡುವಯಸ್ಸು ದಾಟಿದವನು. ಹಲಗೆ ಓದಿ ಹೊಟ್ಟೆ ಹಿಡಿದು ನಕ್ಕ.

"ಬಸವನುಳ ಹಿಂದಿಕ್ಕಂಡು ಓಗ್ಲಾ ಅಂತ ನಾನೂ ನೋಡ್ತೀನಿ, ಅದು ಸೈಡ್ ಕೊಡಲ್ಲ ಕಣವ್ವ" ಎಂದ. ಆಮೇಲೆ ಚರಿತ್ರೆಯ ಸಾಲಿಗೆ ಬೆರಳು ತೋರಿಸಿ, "ನೋಡಿ, ಯಳಂದೂರವ್ರು ನಾವು ಮೊದ್ಲಿಂದ್ಲೂ ಮೈಸೂರೋರು. ನೀವೆಲ್ಲ ನಿನ್ನೆ ಮೊನ್ನೆ ಬಂದ ಒಸಬ್ರು. ನಾವು ಏಳ್ದಂಗೆ ಕೇಳ್ಬೇಕು" ಎಂದ.

"ಮೊದಲು ಟೈಮಿಗೆ ಬಸ್ಸು ತನ್ನಿ, ಆಮೇಲೆ ಕೇಳೋಣ" ಎಂದೆ.

ಶಾಲೆಯಲ್ಲಿ ಬಾವುಟ ಏರಿಸಿ, ಮಕ್ಕಳಿಗೆ ಮಿಠಾಯಿ ಹಂಚಿ, ಅವನದೇ ಬಸ್ಸಿನಲ್ಲಿ ಸಂಜೆ ಮನೆಗೆ ಹೊರಟೆ. ಡ್ರೈವರ್ ಹಿಂದಿನ ಹೆಂಗಸರ ಸೀಟು. ನನ್ನ ಪಕ್ಕದಲ್ಲಿ ಕಾಮಗೆರೆಯ ವೀಳ್ಯದೆಲೆ ಮಾರುವ ಹೆಂಗಸು, ಮಡಿಲಲ್ಲಿ ಖಾಲಿ ಬುಟ್ಟಿ. ಡ್ರೈವರ್ ಪಕ್ಕದ ಸೀಟಿನಲ್ಲಿ ಬಸ್ಸಿನ ಮಾಲೀಕರ ಭಾಮೈದ. ಕೊಳ್ಳೇಗಾಲದಲ್ಲಿ ಆರು ಗಂಟೆಯ ಸಿನಿಮಾಕ್ಕೆ ಸ್ನೇಹಿತರು ಕಾಯುತ್ತಿದ್ದಾರೆ ಎಂದು ಹತ್ತಿದಾಗಲೇ ಹೇಳಿದ್ದ.

ಆ ಹಳ್ಳಕ್ಕೆ ಸೇತುವೆ ಇರಲಿಲ್ಲ. ತಳಕ್ಕೆ ಕಲ್ಲು ಹಾಸಿ ದಾರಿ ಮಾಡಿದ್ದರು. ನೀರು ಪಾದ ಮುಳುಗುವಷ್ಟಿತ್ತು. ಆದರೆ ಬಣ್ಣ ಕೆಂಪು, ಅದರ ಮೇಲೆ ನೊರೆ, ಸಣ್ಣ ಸಣ್ಣ ಕಡ್ಡಿ.

ಡ್ರೈವರ್ ವಾಪಸು ಬಂದು ಬಾಗಿಲ ಬಳಿ ನಿಂತು ಹೇಳಿದ: "ಬ್ಯಾಡ ಸಾ. ಮೇಲಿಂದ ನೀರು ಬತ್ತಾ ಅದೆ. ಒಂದರ್ಧ ಗಂಟೆ ನೋಡುವಾ."

"ಕಾಲು ತೊಳಿಯೋಕೆ ಸಾಲ್ದು, ಅದ್ಕೆ ಎದ್ರುಕತೀಯಲ್ಲೋ" ಎಂದು ಭಾಮೈದ ಗಡಿಯಾರ ನೋಡಿದ. "ನಾಕೂ ಅತ್ತು ಆಯ್ತು. ತಗಿ ಗಾಡಿಯ."

"ಜನ ಅವ್ರೆ ಸಾ."

"ನಿಂಗೆ ಅನ್ನ ಜನ ಆಕ್ತಾರಾ, ನಾವು ಆಕ್ತೀವಾ? ತಗಿತೀಯೋ, ನಾಳಿಂದ ಯಳಂದೂರಲ್ಲೇ ಮನೆ ಕಾಯ್ಕಂಡು ಕೂತ್ಗತೀಯೋ?"

ಡ್ರೈವರ್ ಹಿಂದೆ ತಿರುಗಿ ನಮ್ಮನ್ನೆಲ್ಲ ಒಮ್ಮೆ ನೋಡಿದ. ಯಾರೂ ಮಾತಾಡಲಿಲ್ಲ. ಪಕ್ಕದ ಹೆಂಗಸು ಮೆಲ್ಲಗೆ, "ಇವನ ಸಿನಿಮಾ ಸುಟ್ಟೋಗ" ಎಂದಳು. ಡ್ರೈವರ್ ಹತ್ತಿ ಕೂತ.

ಹಳ್ಳದ ನಡುವೆ ಎಂಜಿನ್ ಕೆಮ್ಮಿ ನಿಂತಿತು. ಆಮೇಲಿನದೆಲ್ಲ ಇವತ್ತಿಗೂ ನನಗೆ ಸರಿಯಾದ ಕ್ರಮದಲ್ಲಿ ಬರುವುದಿಲ್ಲ. ಮೊದಲು ಸದ್ದು: ತುಂಬಿದ ಲಾರಿಗಳು ಸಾಲಾಗಿ ಇಳಿಜಾರಿನಲ್ಲಿ ಬರುವ ಹಾಗೆ. ಆಮೇಲೆ ಕಾಲಿಗೆ ತಣ್ಣನೆ ನೀರು, ಮೊಣಕಾಲಿಗೆ ನೀರು, ಬಸ್ಸು ಒಂದು ಪಕ್ಕಕ್ಕೆ ಸರಿದದ್ದು. ಮೊದಲು ಬಸ್ಸಿನ ಮೇಲೆ ಹತ್ತಿದವನು ಭಾಮೈದ. ಡ್ರೈವರ್ ತನ್ನ ಕಿಟಕಿಯಿಂದ ಹೊರಬಂದು, ಸಾಮಾನು ಕಟ್ಟುವ ಹಗ್ಗ ಬಿಚ್ಚಿ, ಒಬ್ಬೊಬ್ಬರನ್ನೇ ಮೇಲೆಳೆದ. ಮಕ್ಕಳು, ಆಮೇಲೆ ಹೆಂಗಸರು. ನನ್ನ ಕೈ ಎಲೆ ಮಾರುವವಳ ಕೈಯಲ್ಲಿತ್ತು. "ನೀ ಓಗವ್ವ, ನಾನು ಬುಟ್ಟಿ ತಕಂಡು ಬತ್ತೀನಿ" ಎಂದಳು. ಬುಟ್ಟಿಗಾಗಿ ಅಲ್ಲ, ನಾನು ಮೊದಲು ಹೋಗಲಿ ಎಂದು ಹಾಗೆ ಹೇಳಿದಳು ಎಂದೇ ನನ್ನ ನಂಬಿಕೆ. ಅವನು ನನ್ನನ್ನು ಮೇಲೆ ಹಾಕಿ ತಿರುಗಿ ಬಗ್ಗಿದಾಗ ಅವಳಿದ್ದ ಜಾಗದಲ್ಲಿ ನೀರು ಮಾತ್ರ ಇತ್ತು.

ಕತ್ತಲಾಗುವ ಹೊತ್ತಿಗೆ ನೀರು ಇಳಿಯಿತು. ಉಳಿದವರೆಲ್ಲ ಬದುಕಿದೆವು. ಅವಳು ಮರುದಿನ ಕೆಳಗೆ ಸಿಕ್ಕಿದಳು.

ಮೂರು ದಿನ ಕಳೆಯುವುದರೊಳಗೆ ಊರಲ್ಲೆಲ್ಲ ಒಂದು ಕತೆ ಹರಡಿತು. ಡ್ರೈವರ್ ಕುಡಿದಿದ್ದನಂತೆ. ಭಾಮೈದ ಬೇಡ ಬೇಡವೆಂದರೂ ಹಳ್ಳಕ್ಕೆ ನುಗ್ಗಿಸಿದನಂತೆ. ಅವನ ಲೈಸೆನ್ಸು ಕಿತ್ತುಕೊಂಡು ಕೇಸು ಹಾಕಿದರು. ಅವನು ಜಾಮೀನಿನ ಮೇಲೆ ಯಳಂದೂರಿನಲ್ಲಿದ್ದ. ಬಸ್ಸಿನಲ್ಲಿದ್ದವರು ಬಾಯಿ ಬಿಡಲಿಲ್ಲ. ಅವರನ್ನು ಬೈಯಲಾರೆ. ಮಾಲೀಕರದು ಬಸ್ಸು ಮಾತ್ರವಲ್ಲ, ಅಕ್ಕಿ ಗಿರಣಿಯೂ ಅವರದೇ, ರೇಷ್ಮೆ ಗೂಡು ಕೊಳ್ಳುವವರೂ ಅವರೇ. ನಾನು ಠಾಣೆಗೆ ಹೋಗಿ ಹೇಳಿದೆ. ಅಲ್ಲಿದ್ದವರು ಗೌರವದಿಂದ ಕೇಳಿದರು, ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮುಂದೆ ನಿಂತೆ. ಹವಾಮಾನ: ಒಣ ಗಾಳಿ. ಚರಿತ್ರೆ: ನವೆಂಬರ್ ಒಂದರಂದು ಹಳ್ಳದ ಬಳಿ ಡ್ರೈವರ್ ಬಸ್ಸು ನಿಲ್ಲಿಸಿದ್ದ. ನಡೆ ಎಂದವನು ಬೇರೆ. ನಗೆಯ ಜಾಗ ಖಾಲಿ ಬಿಟ್ಟೆ.

ಮರುದಿನವೂ ಅದೇ ಚರಿತ್ರೆ. ಅದರ ಮರುದಿನವೂ.

ಹೆಡ್‌ಮಾಸ್ಟರು ಸಾಧು ಮನುಷ್ಯ. ಕೋಣೆಗೆ ಕರೆದು, ಬಾಗಿಲು ಹಾಕಿ, ಪಿಸುಗುಟ್ಟಿದರು. "ಚರಿತ್ರೆ ಅಂದರೆ ಹಳೇದು ಬರೀಬೇಕಮ್ಮ. ಟಿಪ್ಪು, ಅಶೋಕ, ಎಷ್ಟು ಜನ ಇಲ್ಲ?"

"ಅಶೋಕನ ಮೇಲೆ ಯಾವ ಕೇಸೂ ಇಲ್ಲ ಸಾರ್" ಎಂದೆ.

ಅವರು ತಲೆ ಹಿಡಿದುಕೊಂಡು ಕೂತರು. ಹಲಗೆ ಒರೆಸು ಎಂದು ಮಾತ್ರ ಹೇಳಲಿಲ್ಲ.

ಮಾಲೀಕರ ಏಜೆಂಟು ಶಾಲೆಗೇ ಬಂದ. "ಏನ್ ಟೀಚರಮ್ಮ, ನಿಮ್ ಕುಸಾಲಿಂದ್ಲೇ ಆಗಿದ್ದು ಇದೆಲ್ಲ. ಬಸವನುಳ ಅಂತ ಬರುದ್ರಿ, ಡ್ರೈವರ್‌ಗೆ ರೋಸ ಬಂತು, ನುಗ್ಗಿಸ್ದ. ಕೋರ್ಟಲ್ಲಿ ನಿಮ್ಮುನ್ನೂ ಎಳ್ಯದು ಒಂದ್ ಗಳ್ಗೆ ಕೆಲ್ಸ."

"ಎಳೀರಿ. ಬಂದು ನಿಂತು ಯಾರ ರೋಷ ಅಂತ ಅಲ್ಲೇ ಹೇಳ್ತೀನಿ."

"ಎಣ್ಣೆಂಗ್ಸು ನೀವು. ಒಂಟಿ ಓಡಾಡ್ತೀರ."

"ನಿಮ್ಮ ಬಸ್ಸಿನಲ್ಲಿ ಓಡಾಡಿಯೇ ಬದುಕಿದ್ದೀನಿ. ಇನ್ನೇನಕ್ಕೆ ಹೆದರಲಿ?"

ಹಾಗೆ ಹೇಳಿದೆನೇ ಹೊರತು ಹೆದರಿಕೆ ಇಲ್ಲದೆ ಇರಲಿಲ್ಲ. ಮನೆಯ ಹೆಂಚಿನ ಮೇಲೆ ಎರಡು ಸಲ ಕಲ್ಲು ಬಿತ್ತು. ನಿದ್ದೆಯಂತೂ ಆ ದಿನದಿಂದಲೇ ಹೋಗಿತ್ತು. ಕಣ್ಣು ಮುಚ್ಚಿದರೆ ಕೈಯೊಳಗೆ ಒಂದು ಕೈ, ಆಮೇಲೆ ಖಾಲಿ. ಎದ್ದು ಕೂರುತ್ತಿದ್ದೆ. ಅವ್ವನೂ ಎದ್ದು ಕೂರುತ್ತಿದ್ದಳು. "ಬುಟ್ಟಾಕವ್ವ ಇದ" ಎಂದು ಒಂದು ದಿನವೂ ಅನ್ನಲಿಲ್ಲ. "ಅವ್ನಿಗೂ ಎಡ್ತಿ ಮಕ್ಳು ಅವ್ರೆ" ಎಂದಷ್ಟೇ ಅಂದು, ಎಲೆ ಅಡಿಕೆ ತಟ್ಟೆ ಎಳೆದುಕೊಳ್ಳುತ್ತಿದ್ದಳು.

ಆಮೇಲೆ, ಮಾಲೀಕರು ಆ ದಾರಿಗೆ ಹಾಕಿದ್ದ ಇನ್ನೊಂದು ಬಸ್ಸಿನ ಕಂಡಕ್ಟರ್ ನನ್ನನ್ನು ಹತ್ತಿಸಿಕೊಳ್ಳುವುದು ನಿಲ್ಲಿಸಿದ. ಅರ್ಧ ಬಸ್ಸು ಖಾಲಿ ಇದ್ದರೂ "ಫುಲ್ಲು" ಎನ್ನುತ್ತಿದ್ದ. ನನ್ನ ಶಾಲೆಯ ಹೊತ್ತಿಗೆ ಇದ್ದದ್ದು ಅದೊಂದೇ ಬಸ್ಸು. ಕೆಲಸ ಬಿಡುತ್ತಾಳೆ ಎಂದು ಎಣಿಸಿದ್ದರು. ಎರಡನೆಯ ದಿನ ರಸ್ತೆಯಲ್ಲಿ ಕಾಯುತ್ತಾ ನಿಂತಿದ್ದಾಗ ಬೆಟ್ಟಕ್ಕೆ ಖಾಲಿ ಹೋಗುತ್ತಿದ್ದ ಬಿದಿರಿನ ಲಾರಿ ಪಕ್ಕದಲ್ಲಿ ಬಂದು ನಿಂತಿತು. ದಿನಾ ನನಗೆ ಮಳೆಯ ಸುದ್ದಿ ಕೊಡುತ್ತಿದ್ದವನೇ ಅದರ ಡ್ರೈವರ್. "ಅತ್ತಿ ಟೀಚರಮ್ಮ. ನಮ್ಮೋನ್ಗೋಸ್ಕರ ನೀವು ನಿಂತಿದ್ದೀರ, ನೀವು ರೋಡಲ್ಲಿ ನಿಂತ್ರೆ ನಮ್ಗೆ ಮಾನ ಇಲ್ವಾ?" ಎಂದ.

ಬಿ.ಎ. ಪಾಸಾದ ಟೀಚರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿ ಹತ್ತಿದಳು. ಅವತ್ತಿನಿಂದ ಯಾವುದಾದರೂ ಒಂದು ಲಾರಿ ನನಗಾಗಿ ನಿಲ್ಲುತ್ತಿತ್ತು. ಶಾಲೆಗೆ ಬಸ್ಸಿಗಿಂತ ಮುಂಚೆಯೇ ತಲುಪುತ್ತಿದ್ದೆ. ಅದನ್ನೇ ನಗೆಯ ಜಾಗದಲ್ಲಿ ಬರೆದೆ.

ಮರುದಿನ ಹಲಗೆ ಇರಲಿಲ್ಲ. ಅದನ್ನು ಶಾಲೆಗೆ ದಾನ ಕೊಟ್ಟವರು ಮಾಲೀಕರೇ. ಆಳುಗಳು ಬಂದು ಮೊಳೆ ಕಿತ್ತು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದರು. ಗೋಡೆಯಲ್ಲಿ ಬೆಳ್ಳಗೆ ಚೌಕದ ಗುರುತು ಮಾತ್ರ ಉಳಿದಿತ್ತು. ಅದರ ಮುಂದೆ ನಿಂತು ಮೊದಲ ಸಲ ಅತ್ತೆ.

ಅದೇ ವಾರ ಒಂದು ಬೆಳಿಗ್ಗೆ ಆ ಬಸ್ಸು ಹನೂರಿಗೆ ಬಂದು ನಿಂತು ತಿರುಗಿಕೊಂಡಾಗ ಅದರ ಹಿಂಭಾಗದ ಧೂಳಿನಲ್ಲಿ ಯಾರೋ ಬೆರಳಿನಿಂದ ಬರೆದಿದ್ದರು: ಡ್ರೈವರ್ ನಿಲ್ಲಿಸಿದ್ದ. ಕ್ಲೀನರ್ ನೀರು ಹೊಡೆದು ತೊಳೆದ. ಸಂಜೆಗೆ ಮತ್ತೆ ಧೂಳು, ಮತ್ತೆ ಬರಹ, ಬೇರೆ ಕೈ. ಮೂರು ದಿನದ ಮೇಲೆ ತಮಿಳಿನಲ್ಲಿ ಬಂತು. ಗಡಿಯ ಹಳ್ಳಿಯವರು ಯಾರೋ ಇರಬೇಕು. ಕ್ಲೀನರ್‌ಗೆ ತಮಿಳು ಓದಲು ಬಾರದೆ ಎರಡು ದಿನ ಅದನ್ನು ಹಾಗೇ ಹೊತ್ತು ತಿರುಗಿದ. ಮಾಲೀಕರು ಬಸ್ಸನ್ನು ದಿನಕ್ಕೆ ಎರಡು ಸಲ ತೊಳೆಸಿದರು. ನಮ್ಮ ರಸ್ತೆಯ ಧೂಳಿನ ಮುಂದೆ ಅದು ನಡೆಯಲಿಲ್ಲ. ಬಾಯಿ ಬಿಡದವರೆಲ್ಲ ಬೆರಳಿನಲ್ಲಿ ಮಾತಾಡುತ್ತಿದ್ದರು. ಒಂದು ದಿನ ಕಾಮಗೆರೆಯಲ್ಲಿ ಲಾರಿಯ ಮೇಲಿನಿಂದ ನೋಡಿದೆ: ನಿಂತ ಬಸ್ಸಿನ ಹಿಂದೆ ಎಲೆ ಮಾರುವವಳ ಮಗಳು, ಸೊಂಟದಲ್ಲಿ ಕೂಸು ಇಟ್ಟುಕೊಂಡು, ಒಂದೊಂದೇ ಅಕ್ಷರ ತಿದ್ದುತ್ತಿದ್ದಳು.

ಕೊಳ್ಳೇಗಾಲದ ಕೋರ್ಟಿನಲ್ಲಿ ಡ್ರೈವರ್ ಕಡೆಯ ವಕೀಲರು ನನ್ನನ್ನು ಕರೆಸಿದರು. ನಾಲ್ಕೂ ಹತ್ತರಿಂದ ಶುರುಮಾಡಿ ಎಲ್ಲ ಹೇಳಿದೆ. ಮಾಲೀಕರ ಕಡೆಯವರು ಸರ್ಕಾರಿ ವಕೀಲರ ಕಿವಿಯಲ್ಲಿ ಊದಿದ್ದೆಲ್ಲ ಹೊರಬಂತು. ಹಲಗೆಯಲ್ಲಿ ಬಸ್ಸನ್ನು ಹೀಯಾಳಿಸಿದ್ದು ನಿಜವೇ ಎಂದು ಕೇಳಿದರು. ನಿಜ, ನನ್ನ ನಗೆಗೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ ಎಂದೆ. ಹಿಂದೆ ಕೂತಿದ್ದ ಜನ ನಕ್ಕರು. ತಿರುಗಿ ನೋಡಿದರೆ ಆ ದಿನ ಬಸ್ಸಿನಲ್ಲಿದ್ದವರು. ಮಧುವನಹಳ್ಳಿಯ ಒಬ್ಬ ರೈತರು ಎದ್ದು ನಿಂತು, "ನಾನೂ ಇದ್ದೆ ಸಾ. ಆವಮ್ಮ ಏಳದು ನಿಜ. ಅವ ಬ್ಯಾಡ ಅಂದ, ಇವ್ರು ತಗಿ ಅಂದ್ರು" ಎಂದರು. ಹೀಗೆ ಎದ್ದು ಮಾತಾಡಬಾರದು ಎಂದು ಅವರನ್ನು ಗದರಿಸಿ ಕೂರಿಸಿದರು. ಮುಂದಿನ ವಾಯಿದೆಗೆ ಅವರೂ, ಅವರ ಜೊತೆ ಇನ್ನೂ ಕೆಲವರೂ ಸರಿಯಾದ ಕ್ರಮದಲ್ಲಿ ಸಾಕ್ಷಿ ಹೇಳಿದರು. ಡ್ರೈವರ್ ಬಿಡುಗಡೆಯಾದ. ಭಾಮೈದನಿಗೆ ಏನೂ ಆಗಲಿಲ್ಲ. ಅದನ್ನು ನಾನು ಇವತ್ತಿಗೂ ಒಪ್ಪಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಬೇರೆಯವರೊಬ್ಬರು ಆ ದಾರಿಗೆ ಬಸ್ಸು ಹಾಕಿದರು. ನಮ್ಮ ಡ್ರೈವರ್‌ಗೆ ಅದರಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಸಂಜೆ ನಾನು ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತೆ. ಪಕ್ಕದ ಜಾಗದಲ್ಲಿ ನನ್ನ ಚೀಲ ಇಟ್ಟುಕೊಂಡೆ, ಯಾರನ್ನೂ ಕೂರಿಸಲಾಗಲಿಲ್ಲ. ಹಳ್ಳದಲ್ಲಿ ಬೆರಳು ನೆನೆಯುವಷ್ಟು ನೀರು, ತಿಳಿಯಾಗಿತ್ತು. ಅವನು ಬಸ್ಸು ನಿಲ್ಲಿಸಿದ. ಇಳಿದ. ಅಂಚಿಗೆ ಹೋಗಿ ಮೇಲಕ್ಕೂ ಕೆಳಕ್ಕೂ ನೋಡಿದ. ಬಸ್ಸಿನಲ್ಲಿ ಯಾರೂ ಗಡಿಯಾರ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದು ಕೂತು, ತಿರುಗದೆಯೇ, "ಬಸವನುಳ ಮುಂದಕ್ಕೋಯ್ತು ಕಣವ್ವ" ಎಂದ.

ಆ ರಾತ್ರಿ ಮಲಗಿದವಳು ನಡುವೆ ಏಳಲಿಲ್ಲ. ಅವ್ವ ಎಬ್ಬಿಸಲಿಲ್ಲ. ಎಚ್ಚರವಾದಾಗ ಬಿಸಿಲು ಅಡಿಗೆಮನೆಯ ಹೊಸ್ತಿಲು ದಾಟಿತ್ತು. ಹಂಡೆಗೆ ನೀರು ಸುರಿಯುವುದನ್ನೂ ಮುಂದೂಡಿ ಅವಳು ಸುಮ್ಮನೆ ಕೂತಿದ್ದಳು.

ಶಾಲೆ ತಲುಪುವಾಗ ಹೊತ್ತಾಗಿತ್ತು. ಹಲಗೆ ಕಿತ್ತ ಜಾಗಕ್ಕೆ ನಾವೇ ಕಪ್ಪು ಬಣ್ಣ ಬಳಿದುಕೊಂಡಿದ್ದೆವು. ಹೆಡ್‌ಮಾಸ್ಟರು ತಮ್ಮ ಗುಂಡು ಅಕ್ಷರದಲ್ಲಿ ಅವತ್ತಿನದನ್ನು ಬರೆದು ಮುಗಿಸಿದ್ದರು. ಹವಾಮಾನ: ಬೆಟ್ಟದಲ್ಲೂ ಇಲ್ಲೂ ಮಳೆಯಿಲ್ಲ. ಚರಿತ್ರೆ: ಟೀಚರು ಮೊದಲ ಸಲ ತಡವಾಗಿ ಬಂದರು. ನಗೆ ಅವರಿಗೆ ಬರುವುದಿಲ್ಲ, ಆ ಜಾಗ ನನಗೆ ಬಿಟ್ಟಿದ್ದರು.